ಟಿಪ್ಪುವಿನ ಕತ್ತಿ ಸಿಕ್ಕಿದ್ದು ಯಾರಿಗೆ? ಬೂದಿಕೋಟೆಯಿಂದ ಲಂಡನ್ ಹರಾಜಿನವರೆಗೆ

(1)

2023ರ ಮೇ 12. 'ಝೆಲ್ಡಾ' ಸರಣಿಯ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಗೇಮ್ ಬಿಡುಗಡೆ ಆಯ್ತು. ಆ ವಾರ ಪೂರ್ತಿ ಪ್ರಪಂಚದ ಎಲ್ಲಾ ಕಡೆ ಹುಡುಗ್ರು ಹುಡುಕ್ತಾ ಇದ್ದಿದ್ದು ಒಂದೇ: ಮಾಸ್ಟರ್ ಸ್ವೋರ್ಡ್ ಎಲ್ಲಿದೆ?

ಸರಿಯಾಗಿ ಹನ್ನೊಂದು ದಿನ ಆದ್ಮೇಲೆ, ಮೇ 23ಕ್ಕೆ, ಲಂಡನ್‌ನ ಬಾನ್‌ಹ್ಯಾಮ್ಸ್ ಹರಾಜು ಮನೆಯಲ್ಲಿ ಇನ್ನೊಂದು ಕತ್ತಿ ಮಾರಾಟ ಆಯ್ತು. 15ರಿಂದ 20 ಲಕ್ಷ ಪೌಂಡ್ ಬರಬಹುದು ಅಂತ ಅಂದಾಜು ಮಾಡಿದ್ರು. ಬಂದಿದ್ದು 1 ಕೋಟಿ 40 ಲಕ್ಷ ಪೌಂಡ್. ನಮ್ಮ ದುಡ್ಡಲ್ಲಿ 140 ಕೋಟಿ ರೂಪಾಯಿಗೂ ಜಾಸ್ತಿ. ಅದು ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಕತ್ತಿ.

ಮೊದಲನೇ ಸುದ್ದಿ ನಮ್ಮ ಕ್ಲಾಸಿನ ಎಲ್ಲರಿಗೂ ಗೊತ್ತು. ಎರಡನೇದು ಎಷ್ಟು ಜನಕ್ಕೆ ಗೊತ್ತು? ಆ ಕತ್ತಿಯ ಮನೆತನದ ಕತೆ ಶುರುವಾಗೋದು ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? ಅದಕ್ಕೇ ಈ ಸರಣಿ. ಸ್ವಲ್ಪ ಉದ್ದ ಇದೆ, ಮಾರಿಕುಪ್ಪಂ ಟ್ರೈನಿನಲ್ಲಿ ಸೀಟು ಸಿಕ್ಕಿದಾಗ ಓದ್ಕೊಳ್ಳಿ.

ಮೊದಲು ಗೇಮ್ ಕತೆ ಮುಗಿಸಿಬಿಡೋಣ. ಝೆಲ್ಡಾ ಸರಣಿ ಶುರುವಾಗಿದ್ದು 1986ರಲ್ಲಿ. ಮಾಸ್ಟರ್ ಸ್ವೋರ್ಡ್ ಮೊದಲು ಕಾಣಿಸಿದ್ದು 1991ರ 'ಎ ಲಿಂಕ್ ಟು ದ ಪಾಸ್ಟ್' ಗೇಮ್‌ನಲ್ಲಿ. ಮೂರು ಪದಕ ಗೆದ್ದು ತಂದರೆ ಮಾತ್ರ ಕಾಡಿನ ಕಲ್ಲಿನಿಂದ ಕತ್ತಿ ಮೇಲೆ ಬರ್ತಿತ್ತು. 1998ರ 'ಆಕರಿನಾ ಆಫ್ ಟೈಮ್'ನಲ್ಲಿ ಲಿಂಕ್ ಕತ್ತಿ ಎಳೀತಾನೆ, ಆದ್ರೆ ಇನ್ನೂ ಚಿಕ್ಕವನು ಅಂತ ಏಳು ವರ್ಷ ನಿದ್ದೆಯಲ್ಲೇ ಇರ್ಬೇಕಾಗುತ್ತೆ. 2002ರ 'ವಿಂಡ್ ವೇಕರ್'ನಲ್ಲಿ ಕತ್ತಿ ಇರೋದು ಸಮುದ್ರದ ಕೆಳಗೆ ಮುಳುಗಿದ ಅರಮನೆಯಲ್ಲಿ. ಸಿಕ್ಕಿದ ಮೇಲೂ ಅದರ ಶಕ್ತಿ ಹೋಗಿರುತ್ತೆ. 2017ರ 'ಬ್ರೆತ್ ಆಫ್ ದ ವೈಲ್ಡ್'ನಲ್ಲಿ ಹದಿಮೂರು ಹೃದಯ ಪೂರ್ತಿ ಇಲ್ಲದೆ ಎಳೆಯೋಕೆ ಹೋದ್ರೆ ಅಲ್ಲೇ ಸಾಯ್ತೀರ. 2023ರ ಗೇಮ್‌ನಲ್ಲಿ ಎಲ್ಲಿದೆ ಅಂತ ಹೇಳಿಬಿಡ್ತೀನಿ, ಆಡದೆ ಇರೋರು ಮುಂದಿನ ವಾಕ್ಯ ಬಿಟ್ಟು ಓದಿ. ಆಕಾಶದಲ್ಲಿ ಹಾರಾಡೋ ಒಂದು ಡ್ರ್ಯಾಗನ್ನಿನ ತಲೆಗೆ ಚುಚ್ಚಿಕೊಂಡಿರುತ್ತೆ, ಯುಗಯುಗಗಳಿಂದ.

ಜಾಗ ಬದಲಾಗುತ್ತೆ, ಷರತ್ತು ಬದಲಾಗುತ್ತೆ, ಒಂದು ಮಾತ್ರ ಬದಲಾಗಲ್ಲ: ಕತ್ತಿ ತಾನೇ ಪರೀಕ್ಷೆ ಮಾಡಿ, ಯೋಗ್ಯತೆ ಇರೋನಿಗೆ ಮಾತ್ರ ಸಿಗುತ್ತೆ.

ನಿಜವಾದ ಕತ್ತಿ ಹೇಗೆ ಸಿಗುತ್ತೆ ಅಂತ ಈಗ ನೋಡೋಣ.

(2)

ಬೂದಿಕೋಟೆ. ಬಂಗಾರಪೇಟೆಯಿಂದ ಹತ್ತಿರಾನೇ, ಮಾರ್ಕಂಡೇಯ ಡ್ಯಾಮ್ ಕಡೆ. ಡ್ಯಾಮಿಗೆ ಟ್ರಿಪ್ ಹೋದವರು, ಬಂಡೆ ಮೇಲೆ ಕೂತು ಸೆಲ್ಫಿ ತಗೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರ. ಊರಿನ ಹೆಸರಿಗೆ ವಿಭೂತಿಯ ಕತೆ ಹೇಳ್ತಾರೆ, ಮಾರ್ಕಂಡೇಯ ಋಷಿ ಇಲ್ಲಿ ತಪಸ್ಸು ಮಾಡಿದ್ರು ಅಂತಾರೆ.

ಹದಿನೆಂಟನೇ ಶತಮಾನದ ಶುರುವಿನಲ್ಲಿ ಈ ಊರು ಫತೇ ಮಹಮ್ಮದ್ ಅನ್ನೋ ಸೈನ್ಯಾಧಿಕಾರಿಯ ಜಾಗೀರು. ಅವನು ಸಿರಾ ಸುಬೇದಾರರ ಕೆಳಗೆ ಕೆಲಸ ಮಾಡ್ತಿದ್ದ. ಅವನ ಮಗ ಹುಟ್ಟಿದ್ದು ಇಲ್ಲೇ. ಆ ಮಗನೇ ಹೈದರ್ ಅಲಿ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ ಅಂತ ಸ್ಕೂಲ್ ಪುಸ್ತಕದಲ್ಲಿ ಓದಿರ್ತೀರ. ಅಪ್ಪ ಹುಟ್ಟಿದ ಊರು ನಮ್ಮ ತಾಲ್ಲೂಕಿನದು ಅಂತ ಯಾರೂ ಒತ್ತಿ ಹೇಳಲ್ಲ. 'ಕೆಜಿಎಫ್' ಅಂದ ತಕ್ಷಣ ಸಿನಿಮಾ ಡೈಲಾಗ್ ಹೊಡೆಯೋರು ಸಿಕ್ತಾರೆ, ಬೂದಿಕೋಟೆ ಅಂದ್ರೆ 'ಅದೆಲ್ಲಿ ಬರುತ್ತೆ ಮಚ್ಚಾ?' ಅಂತಾರೆ.

ಕೋಲಾರ ಟೌನಿನಲ್ಲಿ ಮಖಬರಾ ಇದೆಯಲ್ಲ, ಅದು ಹೈದರನ ಮನೆಯವರ ಸಮಾಧಿಗಳ ಜಾಗ. ಅದರ ಜೊತೆ ಸೇರಿಕೊಂಡಿರೋ ಈ ಕತೆ ನನಗೆ ಯಾವ ವೆಬ್ ಸೀರೀಸಿಗಿಂತಲೂ ಚೆನ್ನಾಗಿದೆ ಅನ್ಸುತ್ತೆ.

1782ರ ಡಿಸೆಂಬರ್ 7. ಎರಡನೇ ಆಂಗ್ಲೋ-ಮೈಸೂರು ಯುದ್ಧ ನಡೀತಾ ಇದೆ. ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಹೈದರ್ ಬೆನ್ನಿನ ಹುಣ್ಣಿನಿಂದ ಸತ್ತುಹೋದ. ಟಿಪ್ಪು ಎಲ್ಲಿದ್ದ? ದೂರದ ಮಲಬಾರಿನಲ್ಲಿ. ರಾಜ ಸತ್ತ ಅಂತ ಗೊತ್ತಾದ್ರೆ ಸೈನ್ಯ ಒಡೆದು ಹೋಗುತ್ತೆ, ಇಂಗ್ಲಿಷರು ನುಗ್ತಾರೆ, ಒಳಗಿನವರೇ ಬೇರೆ ಯಾರನ್ನೋ ಗದ್ದುಗೆಗೆ ಕೂರಿಸ್ತಾರೆ. ಅದಕ್ಕೆ ಹತ್ತಿರದ ಅಧಿಕಾರಿಗಳು ವಿಷಯ ಮುಚ್ಚಿಟ್ಟರು. ಶವವನ್ನ ಸುಗಂಧದ ಪುಡಿ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಯುದ್ಧದಲ್ಲಿ ಸಿಕ್ಕಿದ ಬೆಲೆಬಾಳೋ ಸಾಮಾನು ಸಾಗಿಸೋ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದ್ರು. ಶಿಬಿರದಲ್ಲಿ ಎಲ್ಲಾ ಎಂದಿನಂತೆ ನಡೀತಾ ಇದೆ ಅನ್ನೋ ನಾಟಕ. ದಾರಿಯಲ್ಲಿ ಆ ಪೆಟ್ಟಿಗೆ ನೋಡಿದವರು ಒಳಗೆ ಚಿನ್ನ ಇದೆ ಅಂದ್ಕೊಂಡಿರ್ತಾರೆ! ಕೋಲಾರದಲ್ಲಿ ಅಪ್ಪನ ಗೋರಿಯ ಜಾಗದಲ್ಲೇ ಹೈದರನನ್ನ ಸ್ವಲ್ಪ ಕಾಲ ಇಟ್ಟಿದ್ರು, ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ತಗೊಂಡು ಹೋದ್ರು.

ಅಷ್ಟರಲ್ಲಿ ಟಿಪ್ಪು ಮಲಬಾರಿನಿಂದ ಓಡೋಡಿ ಬಂದು ಅಧಿಕಾರ ಹಿಡಿದ. ಕಲ್ಲಿನಿಂದ ಕತ್ತಿ ಎಳೆದಿದ್ದಲ್ಲ. ಒಂದು ಪೆಟ್ಟಿಗೆ ಮೌನವಾಗಿ ಕೋಲಾರಕ್ಕೆ ಬಂದಿದ್ದರಿಂದ ಅವನಿಗೆ ರಾಜ್ಯ ಸಿಕ್ತು.

(3)

ಈಗ ಕತ್ತಿ ತಗೊಂಡವನ ಕಡೆ ಬರೋಣ. ಹೆಸರು ಡೇವಿಡ್ ಬೈರ್ಡ್, ಸ್ಕಾಟ್ಲೆಂಡಿನವನು, ಆಳು ಆಜಾನುಬಾಹು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷ್ ತುಕಡಿಯೊಂದನ್ನ ಪುಡಿಪುಡಿ ಮಾಡಿದ್ರು. ಆಗ ಸೆರೆ ಸಿಕ್ಕವರಲ್ಲಿ ಬೈರ್ಡ್ ಒಬ್ಬ. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದ. ಅಲ್ಲಿ ಕೈದಿಗಳನ್ನ ಇಬ್ಬಿಬ್ಬರನ್ನಾಗಿ ಸಂಕೋಲೆಯಲ್ಲಿ ಕಟ್ಟಿದ್ರು ಅಂತ ಸುದ್ದಿ ಊರಿಗೆ ಮುಟ್ಟಿದಾಗ, ಅವನ ಅಮ್ಮ 'ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿ ಏನಪ್ಪಾ ದೇವರೇ' ಅಂದಳಂತೆ. ಮಗನ ಸಿಟ್ಟು ಅಮ್ಮನಿಗೆ ಗೊತ್ತಿರೋದಿಲ್ವಾ?

1784ರಲ್ಲಿ ಬಿಡುಗಡೆ. ಅಲ್ಲಿಂದ ಹದಿನೈದು ವರ್ಷ. ಮಧ್ಯದಲ್ಲಿ ಮೂರನೇ ಯುದ್ಧ ಬಂತು. ಕಾರ್ನ್‌ವಾಲಿಸ್ 1791ರಲ್ಲಿ ಮೊಗಿಲಿ ಘಾಟ್ ಹತ್ತಿ ನಮ್ಮ ಕೋಲಾರದ ಮೇಲೇ ಹಾದು ಬೆಂಗಳೂರು ಕೋಟೆ ಹಿಡಿದ. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ.

1799ರ ಮೇ 4, ಮಧ್ಯಾಹ್ನ. ಶ್ರೀರಂಗಪಟ್ಟಣದ ಕೋಟೆ ಗೋಡೆ ಒಡೆದಾಗಿತ್ತು. ಮುತ್ತಿಗೆಯ ಮುಂಚೂಣಿ ನಾನೇ ನಡೆಸ್ತೀನಿ ಅಂತ ಕೇಳಿಕೊಂಡು ಬಂದವನು ಬೈರ್ಡ್. ಯಾವ ಊರಿನ ಸೆರೆಮನೆಯಲ್ಲಿ ಕೂತಿದ್ದನೋ ಅದೇ ಊರಿಗೆ ಕತ್ತಿ ಹಿರಿದು ನುಗ್ಗಿದ. ಆ ದಿನ ಟಿಪ್ಪು ಗಾಯಗೊಂಡು ಬಿದ್ದಿದ್ದಾಗ ಒಬ್ಬ ಸಿಪಾಯಿ ಅವನ ಸೊಂಟದ ಪಟ್ಟಿಗೆ ಕೈ ಹಾಕಿದ, ಟಿಪ್ಪು ಕೈಲಿದ್ದ ಕತ್ತಿಯಿಂದ ಹೊಡೆದ, ಸಿಪಾಯಿ ತಲೆಗೆ ಗುಂಡು ಹಾರಿಸಿದ ಅಂತ ಆ ಕಾಲದ ಬರಹಗಳಲ್ಲಿದೆ. ತಾನು ಕೊಂದಿದ್ದು ಯಾರನ್ನ ಅಂತ ಆ ಸಿಪಾಯಿಗೇ ಗೊತ್ತಿರಲಿಲ್ಲ. ಕತ್ತಲಾದ ಮೇಲೆ ಪಂಜು ಹಿಡಿದು ಹೆಣಗಳ ರಾಶಿಯಲ್ಲಿ ಸುಲ್ತಾನನನ್ನ ಹುಡುಕಿದ್ರು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. 2023ರಲ್ಲಿ ಮಾರಿದ್ದು ಅವನ ಕೈಲಿದ್ದ ಆ ಕತ್ತಿ ಅಲ್ಲ. ಅದು ಅರಮನೆಯ ಒಳಗೆ, ಅವನ ಖಾಸಗಿ ಕೋಣೆಯಲ್ಲಿ ಸಿಕ್ಕಿದ್ದು. ಟಿಪ್ಪು ಬಾಗಿಲು ಭದ್ರ ಮಾಡ್ಕೊಂಡು, ಚಾವಣಿಗೆ ತೂಗುಹಾಕಿದ ಜೋಲಿಯಲ್ಲಿ, ಕತ್ತಿ ಮತ್ತು ಜೋಡಿ ಪಿಸ್ತೂಲು ಪಕ್ಕದಲ್ಲಿಟ್ಟುಕೊಂಡು ಮಲಗ್ತಿದ್ದ ಅಂತ ಹೇಳ್ತಾರೆ. ಯೋಚನೆ ಮಾಡಿ, ಅಷ್ಟು ದೊಡ್ಡ ರಾಜ, ನೆಲದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡೋ ಹಾಗಿರಲಿಲ್ಲ.

ಸೈನ್ಯದವರು ಆ ಕತ್ತಿಯನ್ನ ಬೈರ್ಡ್‌ಗೆ ಕಾಣಿಕೆ ಕೊಟ್ರು. ಹಿಡಿಯ ಮೇಲೆ ಚಿನ್ನದ ಅಕ್ಷರದಲ್ಲಿ ದೇವರ ಗುಣಗಳ ಹೆಸರು. ಅಲಗಿನ ಮೇಲೆ 'ಶಂಶೀರ್-ಎ-ಮಲಿಕ್', ಅಂದ್ರೆ ಒಡೆಯನ ಕತ್ತಿ. ಹೋಗ್ಲಿ, ಬೈರ್ಡ್ ಖುಷಿಯಾದ್ನಾ? ಇಲ್ಲ. ಮಾರನೇ ದಿನವೇ ಶ್ರೀರಂಗಪಟ್ಟಣದ ಅಧಿಕಾರವನ್ನ ಅವನಿಗಿಂತ ಕೆಳಗಿನ ಆರ್ಥರ್ ವೆಲ್ಲೆಸ್ಲಿಗೆ ಕೊಟ್ಟುಬಿಟ್ರು. ವೆಲ್ಲೆಸ್ಲಿಯ ಅಣ್ಣನೇ ಆಗ ಗವರ್ನರ್ ಜನರಲ್. ಊರು ಗೆದ್ದವನಿಗೆ ಕತ್ತಿ, ಅಣ್ಣ ಇದ್ದವನಿಗೆ ಊರು.

(4)

'ಲೂಟಿ' ಅಂದ್ರೆ ಸಿಕ್ಕಿದವರು ಸಿಕ್ಕಿದ್ದು ಎತ್ಕೊಂಡು ಹೋಗೋದು ಅಂತ ತಿಳ್ಕೊಂಡಿದ್ರೆ, ಅರ್ಧ ಮಾತ್ರ ಸರಿ. ಮೊದಲ ರಾತ್ರಿ ಹಾಗೇ ನಡೀತು. ಆಮೇಲೆ ಲೆಕ್ಕ ಬರೆಯೋ ಲೂಟಿ ಶುರುವಾಯ್ತು. ಅದಕ್ಕಂತಲೇ ಅಧಿಕಾರಿಗಳ ಒಂದು ಸಮಿತಿ ಇತ್ತು. ಖಜಾನೆ ಎಣಿಸಿ, ಬೆಲೆ ಕಟ್ಟಿ, ಜನರಲ್‌ಗೆ ಇಷ್ಟು, ಕ್ಯಾಪ್ಟನ್‌ಗೆ ಇಷ್ಟು, ಸಿಪಾಯಿಗೆ ಇಷ್ಟು ಅಂತ ಪಾಲು ಹಾಕಿದ್ರು. ಗೇಮ್‌ನಲ್ಲಿ ಬಾಸ್ ಫೈಟ್ ಮುಗಿದ ಮೇಲೆ ಬರುತ್ತಲ್ಲ, ಐಟಂ ಹಂಚೋ ಸ್ಕ್ರೀನು, ಹೆಚ್ಚುಕಡಿಮೆ ಅದೇ. ಟಿಪ್ಪುವಿನ ಚಿನ್ನದ ಸಿಂಹಾಸನ ಪಾಲು ಮಾಡೋಕಂತಲೇ ಒಡೆದು ಚೂರು ಮಾಡಿದ್ರು. ಅದರ ಹುಲಿ ತಲೆ, ಹುಮಾ ಪಕ್ಷಿ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಸಿಪಾಯಿ ಮೇಲೆ ಎರಗಿರೋ ಮರದ ಹುಲಿ, ಕೀಲಿ ತಿರುಗಿಸಿದ್ರೆ ಗುರ್ ಅನ್ನೋದು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಮೇಲಾಗಿ ಟಿಪ್ಪುವಿನ ಕತ್ತಿ ಅಂದ್ರೆ ಒಂದೇ ಕತ್ತಿ ಅಲ್ಲ. ಇದು ಮುಖ್ಯ. ಒಂದು ಅರಮನೆಯ ಆಯುಧಶಾಲೆ ಅದು. 2015ರಲ್ಲಿ ಬಾನ್‌ಹ್ಯಾಮ್ಸ್ ಒಬ್ಬ ಸಂಗ್ರಹಕಾರರ ಟಿಪ್ಪು ಸಾಮಾನುಗಳನ್ನ ಹರಾಜು ಹಾಕಿದಾಗ ಹುಲಿ ತಲೆ ಹಿಡಿಯ, ಹರಳು ಕೂರಿಸಿದ ಕತ್ತಿಯೊಂದೇ 21 ಲಕ್ಷ ಪೌಂಡ್ ದಾಟಿತು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಅಟ್ಟದ ಮೇಲೆ ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಟಿಪ್ಪು ಕಾಲದ ಕತ್ತಿ, ಬಂದೂಕು ಸಿಕ್ಕವು. ಯಾರದೋ ಮುತ್ತಾತ ಕಂಪನಿ ಸೈನ್ಯದಲ್ಲಿದ್ದ ಅಷ್ಟೇ. ಸಮುದ್ರದ ಕೆಳಗಿನ ಅರಮನೆ, ಡ್ರ್ಯಾಗನ್ ತಲೆ ಎಲ್ಲಾ ಬೇಡ, ಅಟ್ಟ ಸಾಕು.

ನಮ್ಮೋರು ಕೊಂಡ ಕತೆ ನಿಮಗೆ ಗೊತ್ತೇ ಇರುತ್ತೆ. 2003ರಲ್ಲಿ ವಿಜಯ್ ಮಲ್ಯ ಲಂಡನ್ ಹರಾಜಿನಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಟಿಪ್ಪುವಿನ ಕತ್ತಿ ಕೊಂಡರು. ಕೆಲವು ತಿಂಗಳ ನಂತರ, 2004ರಲ್ಲಿ, ಅದನ್ನ ಜನರಿಗೆ ತಿಳಿಸಿದಾಗ ಪೇಪರ್ ತುಂಬಾ ಅದೇ. ಆಮೇಲೆ 2018ರಲ್ಲಿ ಲಂಡನ್ ಕೋರ್ಟಿನಲ್ಲಿ ಬ್ಯಾಂಕುಗಳ ಕೇಸು ನಡೆಯೋವಾಗ ಬಂದ ಸುದ್ದಿ: ಕತ್ತಿ ಮನೆಗೆ ಆಗಿಬರಲ್ಲ ಅಂತ 2016ರಲ್ಲೇ ಕೊಟ್ಟುಬಿಟ್ಟರಂತೆ. ಗೇಮ್‌ನಲ್ಲಿ ಹೃದಯ ಕಮ್ಮಿ ಇದ್ದು ಕತ್ತಿ ಹಿಡಿದ್ರೆ ಜೀವ ಇಳೀತಾ ಹೋಗುತ್ತಲ್ಲ, ಅದು ನೆನಪಾಗಿ ನಗು ಬಂತು.

ಉಕ್ಕಿನ ಬಗ್ಗೆ ಒಂದು ಮಾತು. 1987ರ ಮೊದಲನೇ 'ಫೈನಲ್ ಫ್ಯಾಂಟಸಿ'ಯಲ್ಲಿ ಎಕ್ಸ್‌ಕ್ಯಾಲಿಬರ್ ಕತ್ತಿ ಬೇಕಂದ್ರೆ ಕಾದಾಟ ಮಾತ್ರ ಸಾಲದು. ಅಪರೂಪದ ಅದಿರು ಹುಡುಕಿ ತಂದು ಗುಹೆಯಲ್ಲಿರೋ ಕುಳ್ಳ ಕಮ್ಮಾರನಿಗೆ ಕೊಡಬೇಕು. ಗಣಿ ಊರಿನ ನಮಗೆ ಇದೇ ಹೆಚ್ಚು ಹತ್ತಿರ. ಹಳೇ ಕಾಲದಲ್ಲಿ ದಕ್ಷಿಣ ಭಾರತದ ಉಕ್ಕಿಗೆ ಯೂರೋಪಿನಲ್ಲಿ 'ವೂಟ್ಜ್' ಅಂತ ಹೆಸರು. ಅದು ನಮ್ಮ ಕನ್ನಡದ 'ಉಕ್ಕು' ಅನ್ನೋ ಪದದಿಂದಲೇ ಬಂದಿದ್ದು ಅಂತ ಹೆಚ್ಚಿನ ವಿದ್ವಾಂಸರು ಒಪ್ತಾರೆ. ಆದ್ರೆ ಮಲಗುವ ಕೋಣೆಯ ಆ ಕತ್ತಿ? ಜರ್ಮನ್ ಅಲಗುಗಳ ಮಾದರಿ ನೋಡಿ ಮೊಘಲ್ ಕಮ್ಮಾರರು ಮಾಡಿದ್ದು ಅಂತ ಹರಾಜಿನವರು ಬರೆದಿದ್ರು. ಜರ್ಮನ್ ಮಾದರಿ, ಮೊಘಲ್ ಕೈ, ಮೈಸೂರು ಒಡೆಯ, ಸ್ಕಾಟ್ಲೆಂಡಿನ ಬೈರ್ಡ್. ಇದರಲ್ಲಿ 'ನಮ್ಮದು' ಅಂತ ಎಲ್ಲಿ ಗೆರೆ ಎಳೀತೀರ?

(5)

ಈ ಭಾಗ ಬರೆಯೋಕೆ ಹೆಚ್ಚು ಹೊತ್ತು ಹಿಡೀತು. ಕಾಮೆಂಟಿನಲ್ಲಿ ಜಗಳ ಆಗುತ್ತೆ ಅಂತ ಗೊತ್ತು, ಆದ್ರೂ ಬಿಟ್ಟು ಮುಂದೆ ಹೋಗೋಕೆ ಆಗಲ್ಲ.

ಗೇಮ್‌ನಲ್ಲಿ ಕತ್ತಿಯ ಎದುರು ಇರೋನು ಯಾವಾಗಲೂ ರಾಕ್ಷಸ. ಇಲ್ಲಿ ಎದುರಿಗಿದ್ದವರು ಮನುಷ್ಯರು, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ನಮ್ಮ ಜೊತೆ ಕಾಲೇಜಿಗೆ ಬರ್ತಾರೆ. ಟಿಪ್ಪು ಇಂಗ್ಲಿಷರ ವಿರುದ್ಧ ಹೋರಾಡುತ್ತಾ ರಣದಲ್ಲೇ ಸತ್ತ ರಾಜ, ರಾಕೆಟ್ ತುಕಡಿ ಕಟ್ಟಿದವನು, ರೇಷ್ಮೆ ತಂದವನು. ಕೋಲಾರದ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳ ಸಾಕೋರಿಗೆ ಆ ಕೊನೇದು ಬರೀ ಪುಸ್ತಕದ ಮಾತಲ್ಲ. ಅದೇ ಟಿಪ್ಪು ಕೊಡವರನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1784ರಲ್ಲಿ ಮಂಗಳೂರಿನ ಕಥೋಲಿಕರನ್ನ ಸಾವಿರಗಟ್ಟಲೆ ನಡೆಸಿಕೊಂಡು ಬಂದ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ಇವತ್ತಿಗೂ ನರಕ ಚತುರ್ದಶಿಯ ಹಬ್ಬ ಮಾಡಲ್ಲ, ಆ ದಿನ ತಮ್ಮವರನ್ನ ಕೊಂದ ಅನ್ನೋ ನೆನಪಿಗೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿದಾಗ ಮಡಿಕೇರಿಯಲ್ಲಿ ಗಲಾಟೆಯಾಗಿ ಜೀವಗಳು ಹೋದವು. 2019ರಲ್ಲಿ ಇನ್ನೊಂದು ಸರ್ಕಾರ ಜಯಂತಿ ನಿಲ್ಲಿಸಿತು.

ಎರಡೂ ನಿಜ. ಒಂದನ್ನ ಅಳಿಸಿ ಇನ್ನೊಂದನ್ನ ಇಟ್ಕೋಬೇಕು ಅಂತ ಹೇಳೋರು ಎರಡೂ ಕಡೆ ಇದ್ದಾರೆ, ಅವರ ಮಾತು ನನಗೆ ಒಪ್ಪಿಗೆ ಆಗಲ್ಲ.

ಇನ್ನೊಂದು ಸಾವಿನ ಲೆಕ್ಕ ಮರೆತೇಹೋಗಿದೆ. ನಮ್ಮ ಅಪ್ಪ ಅಮ್ಮಂದಿರನ್ನ ಕೇಳಿ, 'ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಅಂದ್ರೆ ಕಣ್ಣು ಅರಳುತ್ತೆ. ದೂರದರ್ಶನದ ಧಾರಾವಾಹಿ, ಸಂಜಯ್ ಖಾನ್ ಮಾಡಿದ್ದು, ಭಗವಾನ್ ಗಿಡ್ವಾನಿಯವರ ಕಾದಂಬರಿ ಮೇಲೆ. ಅದರ ಶೂಟಿಂಗ್ ನಡೀತಿದ್ದಾಗ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿತ್ತು. 62 ಜನ ಸತ್ತರು. ಸಂಜಯ್ ಖಾನ್ ಸುಟ್ಟ ಗಾಯಗಳಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಒಂದು ಕತ್ತಿಯ ಕತೆಯನ್ನ ಟಿವಿಗೆ ತರೋಕೆ ಹೋಗಿ 62 ಜನ. ಯುದ್ಧ ಮುಗಿದು 190 ವರ್ಷ ಆದ್ಮೇಲೆ.

(ಕತ್ತಿಗೆ ರಕ್ತ ಇಲ್ಲದ ಕೆಲಸವೂ ಇದೆ ಅಂತ ನೋಡ್ಬೇಕಂದ್ರೆ ಮೈಸೂರು ದಸರಾ ನೋಡಿ. 2014ರಲ್ಲಿ ಶ್ರೀಕಂಠದತ್ತ ಒಡೆಯರ್ ತೀರಿಕೊಂಡ ಮೇಲಿನ ಮೊದಲ ದಸರಾದಲ್ಲಿ ಉತ್ತರಾಧಿಕಾರಿ ಇರಲಿಲ್ಲ. ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನೇ ಇಟ್ಟು ಖಾಸಗಿ ದರ್ಬಾರು ಮಾಡಿದ್ರು.)

(6)

ಕೊನೇ ಭಾಗ, ಇದು ಪೂರ್ತಿ ನಮ್ಮೂರಿಗೆ.

ಟಿಪ್ಪು ಸತ್ತ ಮೇಲೆ ಇಂಗ್ಲಿಷರು ರಾಜ್ಯ ಹಂಚಿಕೊಂಡು, ಉಳಿದಿದ್ದನ್ನ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ರು. ಹಂಚಿದ ಮೇಲೆ ಗಡಿ ಅಳೀಬೇಕಲ್ಲ? ಪೂರ್ವದ ಗಡಿ ಅಳೆಯೋಕೆ ನಮ್ಮ ಕಡೆ ಬಂದವನು ಲೆಫ್ಟಿನೆಂಟ್ ಜಾನ್ ವಾರನ್, 33ನೇ ರೆಜಿಮೆಂಟಿನವನು. ಇದು ವೆಲ್ಲೆಸ್ಲಿಯದೇ ರೆಜಿಮೆಂಟು, ಟಿಪ್ಪುವಿನ ವಿರುದ್ಧ ಬಂದಿದ್ದೂ ಇದೇ.

1802. ಎರ್ರಕೊಂಡ ಬೆಟ್ಟದ ಹತ್ತಿರ ಅಳತೆ ಮಾಡ್ತಾ ಇದ್ದಾಗ, ಈ ಮಣ್ಣಲ್ಲಿ ಚಿನ್ನ ಇದೆ ಅನ್ನೋ ಮಾತು ವಾರನ್ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಕೊಡ್ತೀನಿ ಅಂತ ಸಾರಿಸಿದ. ಊರ್ಗಾಂ ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬ್ಕೊಂಡು ಬಂದ್ರು, ಅವನ ಎದುರೇ ತೊಳೆದು ತೋರಿಸಿದ್ರು. ತಳದಲ್ಲಿ ಚಿನ್ನದ ಪುಡಿ ಮಿನುಗಿತು. ಆಮೇಲೆ ಮಾರಿಕುಪ್ಪಂಗೆ ಹೋಗಿ ನೋಡಿದ್ರೆ, ಸ್ಥಳೀಯ ಜನ ಆಗಲೇ 30, 45 ಅಡಿ ಆಳಕ್ಕೆ ಇಳಿದು ಕಲ್ಲು ಒಡೆದು ತರ್ತಿದ್ರು. ಊರ ಹೊರಗೆ ಇಟ್ಟಿದ್ದ ಜಾತಿಯವರು ಅವರು. ಬಳ್ಳಿಯ ಹಾಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸೋರು, ಹೆಂಗಸರು ಕಲ್ಲನ್ನ ಕುಟ್ಟಿ ಪುಡಿ ಮಾಡೋರು. ಶ್ರೀರಂಗಪಟ್ಟಣ ಗೆದ್ದ ಸೈನ್ಯದ ಒಬ್ಬ ಅಳತೆಗಾರ ಬರೆದ ಆ ವರದಿ ಇಲ್ಲದಿದ್ರೆ ಮುಂದಿನ ಕತೆ ಬೇರೆ ಇರ್ತಿತ್ತು. 1871ರಲ್ಲಿ ಮೈಕೆಲ್ ಲ್ಯಾವೆಲ್ ಅನ್ನೋ ನಿವೃತ್ತ ಸಿಪಾಯಿ ಆ ಹಳೇ ವರದಿ ಓದ್ಕೊಂಡೇ ಕೋಲಾರಕ್ಕೆ ಬಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗೂ ಆಳ ಹೋಯ್ತು. 2001ರ ಫೆಬ್ರವರಿ 28ಕ್ಕೆ ಬೀಗ.

ಅಷ್ಟೂ ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್ ಅಂತ ಲೆಕ್ಕ. ಕತ್ತಿ ಒಂದು ದಿನದಲ್ಲಿ ಹೋಯ್ತು. ಇದು 120 ವರ್ಷ ನಿಧಾನವಾಗಿ, ಸಂಬಳದ ಚೀಟಿ, ಹಾಜರಿ ಪುಸ್ತಕ, ಸಿಲಿಕೋಸಿಸ್ ಹಿಡಿದ ಶ್ವಾಸಕೋಶಗಳ ಜೊತೆ ಹೋಯ್ತು. ಉಳಿದಿದ್ದು ಸೈನೈಡ್ ಗುಡ್ಡ. ನಾವು ಹಿಂದೆ ನಿಂತು ರೀಲ್ಸ್ ಮಾಡೋದು ಅದೇ ಗುಡ್ಡದ ಮುಂದೆ.

'ಕತ್ತಿ ವಾಪಸ್ ತರಬೇಕು' ಅಂತ ಪ್ರತಿ ಹರಾಜಿನ ಹೊತ್ತಿಗೂ ಪೋಸ್ಟ್ ಹಾಕೋ ಗೆಳೆಯರಿಗೆ ಒಂದು ಪ್ರಶ್ನೆ, ಕೋಪ ಮಾಡ್ಕೋಬೇಡಿ. 140 ಕೋಟಿ ಕೊಟ್ಟು ತಂದು ಎಲ್ಲಿಡೋದು? ಬೆಂಗಳೂರಿನ ಗಾಜಿನ ಪೆಟ್ಟಿಗೆಯಲ್ಲೇ ತಾನೇ? ನನ್ನ ಕೇಳಿದ್ರೆ, ಅದರಲ್ಲಿ ಒಂದು ಚೂರು ದುಡ್ಡಿನಲ್ಲಿ ಬೂದಿಕೋಟೆ ಬಂಡೆ ಮೇಲಿನ ಕೋಟೆಯನ್ನೂ ಕೋಲಾರದ ಮಖಬರಾವನ್ನೂ ಚೆನ್ನಾಗಿ ಇಟ್ಟುಕೊಂಡು, ಹೈದರನ ಪೆಟ್ಟಿಗೆಯ ಕತೆ ಮೂರು ಭಾಷೆಯಲ್ಲಿ ಬರೆಸಿ ಹಾಕಬಹುದು. ಕನ್ನಡ, ತಮಿಳು, ಉರ್ದು. ತೆಲುಗು ಬೇಕು ಅಂತ ಯಾರಾದ್ರೂ ಹೇಳ್ತೀರ, ಆಯ್ತು, ನಾಲ್ಕು.

ಹೋಗೋರಿಗೆ: ಬಂಗಾರಪೇಟೆಯಿಂದ ಬೂದಿಕೋಟೆಗೆ ಬಸ್ಸಿದೆ. ಬೆಳಿಗ್ಗೆ ಹೊರಡಿ, ಬಂಡೆ ಮಧ್ಯಾಹ್ನ ಕಾಲು ಸುಡುತ್ತೆ. ಗೋಡೆ ಮೇಲೆ ಹೆಸರು ಕೆತ್ತಬೇಡಿ ಮಾರಾಯ್ರೇ. ಸಂಜೆ ವಾಪಸ್ ಬಂದು ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ ತಿನ್ನಿ. ನಿಮ್ಮ ತಾತ ಅಜ್ಜಿ ಯಾರಾದ್ರೂ ಬೂದಿಕೋಟೆಯವರಾಗಿದ್ದು, ಕೋಟೆಯ ಹಳೇ ಫೋಟೋ ಮನೆಯಲ್ಲಿದ್ರೆ ಮೆಸೇಜ್ ಮಾಡಿ, ಮುಂದಿನ ಪೋಸ್ಟಿನಲ್ಲಿ ಹಾಕ್ತೀನಿ.